ಪಂಡಿತ ಕಲೆಕ್ಟರ್ ಜಾಕ್ಸನ್

ಕಳೆದ ದಸರಾ ರಜೆಯಲ್ಲಿ ನಾಸಿಕಕ್ಕೆ ಸೋದರಮಾವನ ಮನೆಗೆ ಹೋಗಿದ್ದೆ. ಊರೊಳಗೆ ಒಂದು ದೊಡ್ಡ ಮೈದಾನ. ಹುತಾತ್ಮ ಅನಂತ ಕಾನ್ಹೇರೆ ಮೈದಾನ ಅಂತ ಹೆಸರು. ಯಾರು ಈ ಕಾನ್ಹೇರೆ ಅಂತ ಮಾವನನ್ನು ಕೇಳಿದೆ. ಕಲೆಕ್ಟರನಿಗೆ ಗುಂಡು ಹೊಡೆದ ಹುಡುಗ ಅಂದರು. ಕಲೆಕ್ಟರ್ ಕೆಟ್ಟವನೇನು ಅಂತ ಕೇಳಿದರೆ, ಇಲ್ಲಪ್ಪ, ಒಳ್ಳೆಯವನಂತೆ ಅಂದರು. ನನಗೆ ಅಲ್ಲೇ ತೊಡಕಾಯಿತು.

ಆ ಕಲೆಕ್ಟರನ ಹೆಸರು ಆರ್ಥರ್ ಮೇಸನ್ ಟಿಪ್ಪೆಟ್ಸ್ ಜಾಕ್ಸನ್. ಹುಟ್ಟಿದ್ದು 1866ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ, ಐ.ಸಿ.ಎಸ್. ಪಾಸು ಮಾಡಿ ಮುಂಬಯಿ ಪ್ರಾಂತಕ್ಕೆ ಬಂದ. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಕಲೆಕ್ಟರ್ ಅಂದರೆ ಜಿಲ್ಲೆಗೇ ದೊರೆ. ಕಂದಾಯವೂ ಅವನದು, ಮ್ಯಾಜಿಸ್ಟ್ರೇಟ್ ಅಧಿಕಾರವೂ ಅವನದು.

ಜಾಕ್ಸನ್ ಬರೀ ಅಧಿಕಾರಿಯಾಗಿರಲಿಲ್ಲ. ಸಂಸ್ಕೃತ ಬಲ್ಲವನು, ಮರಾಠಿ ಆಡುವವನು. ಜನ ಪಂಡಿತ ಜಾಕ್ಸನ್ ಅಂತಲೇ ಕರೆದರು. ಹಳ್ಳಿಯ ಶಾಲಾಮಾಸ್ತರರಿಗೆ ಪ್ರಶ್ನೆಗಳನ್ನು ಕಳಿಸಿ ಊರೂರಿನ ದೇವರು, ನಂಬಿಕೆ, ಆಚರಣೆಗಳ ವಿವರ ತರಿಸಿದ. ಆತ ಸತ್ತ ಮೇಲೆ ಎಂಥೋವನ್ ಎಂಬ ಅಧಿಕಾರಿ 1914-15ರಲ್ಲಿ ಅವನ್ನು ಎರಡು ಸಂಪುಟಗಳಾಗಿ ತಂದ. ಇದೆಲ್ಲ ಜಮಾ ಕಡೆಗೆ. ಕಾಮರ್ಸ್ ಹುಡುಗ ನಾನು, ಖರ್ಚಿನ ಕಡೆಯನ್ನೂ ನೋಡಬೇಕಲ್ಲ?

ನಾಸಿಕದ ಬಾಬಾರಾವ್ ಸಾವರಕರ್ ದೇಶಭಕ್ತಿಯ ಪದ್ಯಗಳನ್ನು ಅಚ್ಚು ಹಾಕಿಸಿದರು. ಪದ್ಯಗಳಲ್ಲಿ ಪುರಾಣದ ದೇವರು, ಶಿವಾಜಿ. ಒಳಗಿನ ಅರ್ಥ ಮಾತ್ರ ಸ್ವಾತಂತ್ರ್ಯ. ಜಾಕ್ಸನ್ ಅವರನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ. ರಾಜದ್ರೋಹವೆಂದು ಕೋರ್ಟು ಆಜೀವ ಕರಿನೀರಿನ ಶಿಕ್ಷೆ ಕೊಟ್ಟಿತು. ಪದ್ಯ ಅಚ್ಚು ಹಾಕಿಸಿದ್ದಕ್ಕೆ ಅಂಡಮಾನ್!

ಈ ಶಿಕ್ಷೆ ಹುಡುಗರ ಎದೆಗೆ ನಾಟಿತು. ಅವರಲ್ಲೊಬ್ಬ ಅನಂತ ಕಾನ್ಹೇರೆ, ಔರಂಗಾಬಾದಿನಲ್ಲಿ ಓದುತ್ತಿದ್ದವನು. ಅದೇ ಊರಿಗೆ 2023ರಿಂದ ಛತ್ರಪತಿ ಸಂಭಾಜಿನಗರ ಅಂತ ಹೆಸರು. ಆಗ ಅದು ನಮ್ಮ ಕಲಬುರಗಿ, ಬೀದರಗಳ ಹಾಗೆ ನಿಜಾಮನ ಸೀಮೆ. ಜಾಕ್ಸನ್‌ಗೆ ನಾಸಿಕದಿಂದ ವರ್ಗವಾಗಿತ್ತು. 1909ರ ಡಿಸೆಂಬರ್ 21ರ ರಾತ್ರಿ ವಿಜಯಾನಂದ ಥಿಯೇಟರಿನಲ್ಲಿ ಅವನ ಬೀಳ್ಕೊಡುಗೆಗೆ ಶಾರದಾ ನಾಟಕ. ನಾಟಕ ನೋಡಲು ಬಂದವನನ್ನು ಕಾನ್ಹೇರೆ ಅಲ್ಲೇ ಗುಂಡಿಟ್ಟು ಕೊಂದ. ಅಲ್ಲೇ ಸಿಕ್ಕಿಬಿದ್ದ. 1910ರ ಏಪ್ರಿಲ್ 19ರಂದು ಠಾಣೆ ಜೈಲಿನಲ್ಲಿ ಕಾನ್ಹೇರೆ, ಕರ್ವೆ, ದೇಶಪಾಂಡೆ ಮೂವರಿಗೂ ಗಲ್ಲಾಯಿತು. ಕಾನ್ಹೇರೆಗೆ ಹದಿನೆಂಟರ ಆಸುಪಾಸು ವಯಸ್ಸು. ನನಗಿಂತ ಚಿಕ್ಕವನು.

ಹಾಗಾದರೆ ಜಾಕ್ಸನ್ ಒಳ್ಳೆಯ ಆಡಳಿತಗಾರನೇ? ಕಾನೂನು ಮೇಲಿನವರದು, ಪಾಪ, ಅವನೇನು ಮಾಡಿಯಾನು ಅಂತ ಒಬ್ಬ ಗೆಳೆಯ ವಾದಿಸಿದ. ನಾನು ಪೂರ್ತಿ ಒಪ್ಪಲಾರೆ. ಹಳ್ಳಿಯವರ ಭೂತ-ಪ್ರೇತದ ಕಥೆಗೆ ಅಷ್ಟು ತಾಳ್ಮೆಯಿಂದ ಕಿವಿಗೊಟ್ಟವನು, ಅದೇ ಜನ ನಮ್ಮ ನಾಡು ನಮಗೆ ಬೇಕು ಅಂತ ಹಾಡಿದಾಗ ಕಿವಿ ಮುಚ್ಚಿಕೊಂಡ. ಆ ಪದ್ಯದ ಪುರಾಣ, ಅದರ ಹಿಂದಿನ ನೋವು, ಎರಡನ್ನೂ ತಿಳಿಯಬಲ್ಲ ಇಂಗ್ಲಿಷ್ ಅಧಿಕಾರಿಗಳು ಎಷ್ಟು ಜನ ಇದ್ದರು? ತಿಳಿಯದವನು ಮಾಡಿದ್ದರೆ ಅಜ್ಞಾನ ಅನ್ನಬಹುದಿತ್ತು. ಆತ ಒಳ್ಳೆಯ ವಿದ್ವಾಂಸ, ಸಜ್ಜನನೂ ಇದ್ದಿರಬಹುದು. ಒಳ್ಳೆಯ ಆಡಳಿತಗಾರ ಅಂತ ನನ್ನ ಕೈ ಬರೆಯದು.

ಆದರೆ ಕೊಲೆಯಿಂದ ಲೆಕ್ಕ ಸರಿಹೋಯಿತು ಅನ್ನಲೂ ಆಗುವುದಿಲ್ಲ. ಬಾಬಾರಾವ್ ಬಿಡುಗಡೆಯಾಗಲಿಲ್ಲ. 1910ರಲ್ಲಿ ಪ್ರೆಸ್ ಆಕ್ಟ್ ಬಂದು ಪತ್ರಿಕೆಗಳ ಬಾಯಿಗೆ ಇನ್ನೂ ಬಿಗಿಯಾದ ಬೀಗ ಬಿತ್ತು. ಮೂರು ಮನೆಗಳಲ್ಲಿ ಮಕ್ಕಳು ಹೋದರು.

ಊರಿಗೆ ಹೊರಡುವ ದಿನ ಮತ್ತೆ ಆ ಮೈದಾನಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತೆ. ನನ್ನ ವಯಸ್ಸಿನ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಗೆಳೆಯರೇ, ನನ್ನ ತೀರ್ಪು ತಪ್ಪು ಅನ್ನಿಸಿದರೆ ಮುಂದಿನ ಸಂಚಿಕೆಗೆ ಬರೆಯಿರಿ.