ವೆಲ್ಲೂರಿನ ವೈದ್ಯಮಾತೆ ಡಾ. ಐಡಾ ಸ್ಕಡ್ಡರ್

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋಗಿಬರುವ ನಮ್ಮ ವಾಚಕರಿಗೆ ಕಾಟ್ಪಾಡಿ ನಿಲ್ದಾಣವು ಅಪರಿಚಿತವಲ್ಲ. ರೋಗಿಗಳನ್ನು ಕೈಹಿಡಿದು ಇಳಿಸಿಕೊಳ್ಳುವ ಬಂಧುಗಳನ್ನು ಅಲ್ಲಿ ನಿತ್ಯವೂ ಕಾಣಬಹುದು. ಅವರಲ್ಲಿ ಬಹುಮಂದಿಯ ದಾರಿ ಸಮೀಪದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಡೆಗೆ. ಆ ಸಂಸ್ಥೆಗೆ ಅಸ್ತಿಭಾರ ಹಾಕಿದ ಮಹಿಳೆ ಡಾ. ಐಡಾ ಸ್ಕಡ್ಡರ್. ರೋಗಿಗಳನ್ನು ಗುಣಪಡಿಸಿದ್ದಕ್ಕಿಂತಲೂ, ಗುಣಪಡಿಸಬಲ್ಲವರನ್ನು ತರಬೇತಿಗೊಳಿಸಿದ್ದೇ ಅವರ ಹಿರಿಯ ಸೇವೆಯೆಂದು ನಾವು ಭಾವಿಸುತ್ತೇವೆ.

ಐಡಾ 1870ನೆಯ ಇಸವಿ ಡಿಸೆಂಬರ್ 9ರಂದು ಅಂದಿನ ಮದರಾಸು ಪ್ರಾಂತ್ಯದ ರಾಣಿಪೇಟೆಯಲ್ಲಿ ಜನಿಸಿದರು. ತಂದೆಯೂ ತಾತನೂ ಅಮೇರಿಕದ ಮಿಷನರಿ ವೈದ್ಯರು. ಬಾಲ್ಯದಲ್ಲಿಯೇ ಕ್ಷಾಮದ ಘೋರವನ್ನು ಕಂಡಿದ್ದ ಹುಡುಗಿಗೆ ಈ ನಾಡಿನಲ್ಲಿ ನೆಲೆಸುವ ಆಸೆ ಎಳ್ಳಷ್ಟೂ ಇರಲಿಲ್ಲ. ಅಮೇರಿಕದಲ್ಲಿ ಓದುತ್ತಿದ್ದ ಆಕೆ, ತಾಯಿಯ ಕಾಯಿಲೆಯ ಸುದ್ದಿ ತಿಳಿದು 1890ರಲ್ಲಿ ತಿಂಡಿವನಕ್ಕೆ ಬಂದದ್ದು ಕೆಲವು ಕಾಲ ಮಾತ್ರ ಇದ್ದು ಹಿಂದಿರುಗುವ ಎಣಿಕೆಯಿಂದ.

ಅಲ್ಲಿರುವಾಗ ಒಂದು ರಾತ್ರಿ ಮೂವರು ಗೃಹಸ್ಥರು ಒಬ್ಬರಾದ ಮೇಲೊಬ್ಬರಂತೆ ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಪ್ರಸವವೇದನೆಯಿಂದ ನರಳುತ್ತಿದ್ದರು. ಐಡಾ ತನಗೆ ವೈದ್ಯ ತಿಳಿಯದು, ತಂದೆಯನ್ನು ಕರೆದೊಯ್ಯಿರೆಂದು ಬೇಡಿಕೊಂಡರು. ಪರಪುರುಷನು ಮನೆಯ ಹೆಂಗಸನ್ನು ಮುಟ್ಟಬಾರದೆಂಬ ಸಂಪ್ರದಾಯ ಅಡ್ಡಬಂದಿತು. ಮೂವರೂ ಬರಿಗೈಯಲ್ಲಿ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ತೀರಿಹೋಗಿದ್ದರು. ಮನೆಯಲ್ಲಿಯೇ ವೈದ್ಯರಿದ್ದೂ ಮೂರು ಜೀವಗಳು ಉಳಿಯಲಿಲ್ಲವೆಂಬ ಸಂಕಟವು ಆಕೆಯ ಬಾಳಿನ ದಿಕ್ಕನ್ನೇ ತಿರುಗಿಸಿತು.

ಅಮೇರಿಕಕ್ಕೆ ಮರಳಿ ವೈದ್ಯವಿದ್ಯೆಗೆ ತೊಡಗಿದ ಐಡಾ, 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಪದವಿ ಪಡೆದರು. ಮಡಿದ ಪತ್ನಿಯ ಸ್ಮರಣಾರ್ಥವಾಗಿ ಧನಿಕರೊಬ್ಬರು ನೀಡಿದ ಹತ್ತು ಸಾವಿರ ಡಾಲರುಗಳೊಡನೆ 1900ರಲ್ಲಿ ವೆಲ್ಲೂರಿಗೆ ಬಂದರು. ಕೆಲವೇ ತಿಂಗಳುಗಳಲ್ಲಿ ತಂದೆ ತೀರಿಕೊಂಡರು. ಆಕೆ ಎದೆಗುಂದದೆ, ಮನೆಯಲ್ಲಿಯೇ ಒಂದು ಹಾಸಿಗೆಯ ಚಿಕಿತ್ಸಾಲಯವನ್ನು ನಡೆಸಿದರು. 1902ರಲ್ಲಿ 40 ಹಾಸಿಗೆಗಳ ಶೆಲ್ ಆಸ್ಪತ್ರೆಯು ಸಿದ್ಧವಾಯಿತು. ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿಯೂ, ಅನಂತರ ಮೋಟಾರಿನಲ್ಲಿಯೂ ಹೋಗಿ ರಸ್ತೆಬದಿಯ ಮರದ ನೆರಳಿನಲ್ಲಿ ಔಷಧ ಕೊಡುವ ಪದ್ಧತಿಯನ್ನು ಆರಂಭಿಸಿದರು.

ಆದರೆ ರೋಗಿಗಳು ಸಾವಿರಾರು, ವೈದ್ಯೆ ಒಬ್ಬಳು. ಹೋಟೆಲು ನಡೆಸಿದ ನಮಗೆ ಈ ಕಷ್ಟವು ಸುಲಭವಾಗಿ ಅರ್ಥವಾಗುತ್ತದೆ. ಭಟ್ಟರು ಎಷ್ಟೇ ನಿಪುಣರಾಗಿರಲಿ, ಪಕ್ಕದಲ್ಲಿ ನಿಂತ ಹುಡುಗನಿಗೆ ಹದ ಕಲಿಸದಿದ್ದರೆ, ಅವರು ಜ್ವರದಿಂದ ಮಲಗಿದ ದಿನ ಒಲೆಯೂ ತಣ್ಣಗಾಗುತ್ತದೆ. ಐಡಾ ಈ ಸತ್ಯವನ್ನು ಬೇಗನೆ ಮನಗಂಡರು. 1903ರಲ್ಲಿ ಕಂಪೌಂಡರರ ತರಬೇತಿಯನ್ನೂ, 1909ರಲ್ಲಿ ದಾದಿಯರ ಶಾಲೆಯನ್ನೂ ತೆರೆದರು. ಗಾಯ ತೊಳೆಯುವುದೂ ಮಲಮೂತ್ರ ಎತ್ತುವುದೂ ಹೀನ ಕೆಲಸಗಳೆಂದು ಸಮಾಜವು ಮೂಗುಮುರಿಯುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳಿಂದ ಈ ಸೇವೆಯನ್ನು ಗೌರವದ ವೃತ್ತಿಯಾಗಿ ಮಾಡಿಸಿದ್ದು ಸಾಮಾನ್ಯ ಸಾಹಸವಲ್ಲ.

ಮುಂದಿನ ಹೆಜ್ಜೆ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಮೂವರು ಅರ್ಜಿ ಹಾಕಿದರೆ ಅದೇ ಪುಣ್ಯವೆಂದು ಅಧಿಕಾರಿಗಳು ಸಂದೇಹಪಟ್ಟರು. 1918ರಲ್ಲಿ ಬಂದ ಅರ್ಜಿಗಳ ಸಂಖ್ಯೆ 151! ಸ್ಥಳಾವಕಾಶವಿಲ್ಲದೆ ಹೆಚ್ಚಿನವರನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆರಿಸಲ್ಪಟ್ಟವರಲ್ಲಿ 14 ಮಂದಿ 1922ರಲ್ಲಿ ವ್ಯಾಸಂಗ ಮುಗಿಸಿ ಹೊರಬಂದರು. ಅಂದು ತಿಂಡಿವನದಲ್ಲಿ ಇಲ್ಲದಿದ್ದ ಹೆಣ್ಣು ವೈದ್ಯರು ಇಂದು ಈ ನೆಲದಲ್ಲಿಯೇ ತಯಾರಾದರು.

1938ರಲ್ಲಿ ಹೊಸದೊಂದು ಗಂಡಾಂತರ ಒದಗಿತು. ಮದರಾಸು ಸರಕಾರವು ಇಂತಹ ಶಾಲೆಗಳ ಡಿಪ್ಲೊಮಾ ವ್ಯಾಸಂಗವನ್ನು ನಿಲ್ಲಿಸಿ, ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯೇ ಬೇಕೆಂದು ವಿಧಿಸಿತು. ಅದಕ್ಕೆ ಬೇಕಾದ ಅಧ್ಯಾಪಕರಾಗಲಿ, ಪ್ರಯೋಗಶಾಲೆಗಳಾಗಲಿ, ಹಣವಾಗಲಿ ಇರಲಿಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮಹಾಯುದ್ಧದ ನಡುವೆ, ಐಡಾ ಅಮೇರಿಕಕ್ಕೆ ತೆರಳಿ ಊರೂರು ಸುತ್ತಿ ಹಣ ಕೂಡಿಸಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಆರಂಭವಾಯಿತು. 1946ರಲ್ಲಿ ದಾದಿಯರಿಗೂ ಪದವಿ ಶಿಕ್ಷಣ ದೊರೆಯಿತು. 1947ರಿಂದ ಪುರುಷ ವಿದ್ಯಾರ್ಥಿಗಳಿಗೂ ಪ್ರವೇಶ ಲಭಿಸಿತು.

1960ರ ಮೇ ತಿಂಗಳಿನಲ್ಲಿ ಕೊಡೈಕೆನಾಲಿನಲ್ಲಿ ಐಡಾ ಕೊನೆಯುಸಿರೆಳೆದರು. ಆಗ ಅವರಿಗೆ 89 ವರ್ಷ. ಆಕೆ ಮದುವೆಯಾಗಲಿಲ್ಲ, ಸ್ವಂತ ಮಕ್ಕಳಿರಲಿಲ್ಲ. ಆದರೂ ಆಕೆಯ ಸಂಸ್ಥೆಯಲ್ಲಿ ಕಲಿತವರು ಇಂದಿಗೂ ದೇಶವಿದೇಶಗಳ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ.

ಊರಿಗೆ ಹಣ ಕಳುಹಿಸಿ ತಂಗಿಯನ್ನೋ ಮಗಳನ್ನೋ ನರ್ಸಿಂಗ್ ಓದಿಸುತ್ತಿರುವ ಸೋದರರು ನಮ್ಮ ವಾಚಕರಲ್ಲಿ ಹಲವರಿದ್ದಾರೆ. ಆ ಕೆಲಸ ನಮ್ಮ ಮನೆತನಕ್ಕೆ ತಕ್ಕುದೇ ಎಂದು ಬಂಧುಗಳು ಕೇಳುವುದುಂಟು. ಅಂತಹವರಿಗೆ ಈ ಚರಿತ್ರೆಯನ್ನು ಓದಿಹೇಳಿರಿ. ಒಂದೇ ರಾತ್ರಿ ಮೂವರು ತಾಯಂದಿರು ಸತ್ತದ್ದು ಔಷಧವಿಲ್ಲದೆ ಅಲ್ಲ, ಕಲಿತ ಹೆಣ್ಣೊಬ್ಬಳಿಲ್ಲದೆ. ನಿಮ್ಮ ಮನಿಯಾರ್ಡರಿನಿಂದ ಹಳ್ಳಿಯ ಹುಡುಗಿಯೊಬ್ಬಳು ಆ ವಿದ್ಯೆ ಕಲಿತರೆ, ಯಾರದೋ ಮನೆಯ ಬಾಣಂತಿಯು ಬೆಳಗನ್ನು ಕಾಣುವಳು.