ಮರುಕ ತೋರದ ಶುಶ್ರೂಷೆ

ಮನುಷ್ಯನ ಮನಸ್ಸಿನ ನೆಲಮಾಳಿಗೆಗೆ ದೀಪ ಹಿಡಿದು ಇಳಿದ ಸಿಗ್ಮಂಡ್ ಫ್ರಾಯ್ಡನ ಹೆಸರನ್ನು ಕೇಳದವರು ವಿರಳ. ಆದರೆ ಆತನ ಬಾಳಿನ ಕಡೆಯ 16 ವರ್ಷಗಳು ಹೇಗೆ ಸಂದವೆಂಬುದನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಆ ಕಥೆಯಲ್ಲಿ ತಂದೆಯಷ್ಟೇ ಹಿರಿದಾದ ಪಾತ್ರ ಮಗಳದು.

1856ರಲ್ಲಿ ಮೊರೇವಿಯಾದ ಫ್ರೈಬರ್ಗಿನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದ ಫ್ರಾಯ್ಡನಿಗೆ ಚುಟ್ಟಾ ಬಿಡಲಾರದ ಚಟವಾಗಿತ್ತು. 1923ರ ಏಪ್ರಿಲಿನಲ್ಲಿ ಬಾಯೊಳಗಿನ ಗಂಟೊಂದನ್ನು ತೆಗೆಸಲೆಂದು ಮನೆಯವರಿಗೂ ಹೇಳದೆ ಆಸ್ಪತ್ರೆಗೆ ಹೋದನು. ಶಸ್ತ್ರಕ್ರಿಯೆಯಲ್ಲಿ ರಕ್ತ ವಿಪರೀತ ಹರಿಯಿತು. ಸುದ್ದಿ ತಿಳಿದು ಹೆಂಡತಿ ಮಾರ್ತಾ ಮತ್ತು ಕಿರಿಯ ಮಗಳು ಆನ್ನಾ ಓಡಿಬಂದಾಗ ಆತನು ನೆತ್ತರು ತೊಯ್ದ ಬಟ್ಟೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದನು. ರೋಗಿಗಳ ಊಟದ ಹೊತ್ತೆಂದು ಅವರನ್ನು ಹಿಂದಕ್ಕೆ ಕಳುಹಿಸಿದರು. ಅಷ್ಟರಲ್ಲಿ ಮತ್ತೆ ರಕ್ತಸ್ರಾವ. ಕೂಗಲು ಶಕ್ತಿಯಿಲ್ಲ, ಕರೆಗಂಟೆ ಕೆಟ್ಟಿತ್ತು. ಅದೇ ಕೋಣೆಯಲ್ಲಿದ್ದ, ಬುದ್ಧಿ ಬೆಳೆಯದ ಕುಳ್ಳ ರೋಗಿಯೊಬ್ಬನು ಓಡಿಹೋಗಿ ನೆರವು ತಂದುದರಿಂದ ಆ ಪಂಡಿತನ ಪ್ರಾಣ ಉಳಿಯಿತು. ಆ ರಾತ್ರಿ ಆನ್ನಾ ಮನೆಗೆ ಹೋಗಲೊಪ್ಪಲಿಲ್ಲ. ಅಂದು ತಂದೆಯ ಪಕ್ಕದಲ್ಲಿ ಕುಳಿತವಳು ಕೊನೆಯವರೆಗೂ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

ರೋಗವು ಕ್ಯಾನ್ಸರ್ ಎಂಬುದನ್ನು ಮೊದಲಲ್ಲಿ ಆತನಿಂದ ಮುಚ್ಚಿಟ್ಟರು. ತಿಳಿದಾಗ ಆತನಿಗೆ ರೋಗಕ್ಕಿಂತ ಆ ಮುಚ್ಚುಮರೆಯೇ ಹೆಚ್ಚು ನೋವು ತಂದಿತು. ಅಕ್ಟೋಬರಿನಲ್ಲಿ ಹಾನ್ಸ್ ಪಿಕ್ಲರ್ ಎಂಬ ನಿಪುಣ ಶಸ್ತ್ರವೈದ್ಯನು ಬಲಗಡೆಯ ಮೇಲ್ದವಡೆಯ ಮತ್ತು ಅಂಗುಳಿನ ಬಹುಭಾಗವನ್ನು ತೆಗೆದನು. ಬಾಯಿಗೂ ಮೂಗಿಗೂ ನಡುವಣ ಗೋಡೆಯೇ ಇಲ್ಲವಾದುದರಿಂದ ಕೃತಕ ಅಂಗುಳು ಬೇಕಾಯಿತು. ಅದು ಸಡಿಲವಾದರೆ ಉಣ್ಣುವಂತಿಲ್ಲ, ನುಡಿಯುವಂತಿಲ್ಲ, ಬಿಗಿಯಾದರೆ ಹುಣ್ಣು. ತೆಗೆದು ತೊಳೆದು ಮರಳಿ ಕೂರಿಸುವುದು ಆನ್ನಾಳ ಕೆಲಸ. ಒಮ್ಮೆ ತಂದೆಮಗಳಿಬ್ಬರೂ ಅರ್ಧ ಗಂಟೆ ಹೆಣಗಿ, ಸೋತು, ವೈದ್ಯನನ್ನೇ ಕರೆಸಬೇಕಾಯಿತು.

ಮೊದಲೇ ಅವರಿಬ್ಬರಲ್ಲಿ ಒಂದು ಒಪ್ಪಂದವಾಗಿತ್ತು: ಕಣ್ಣೀರು, ಮರುಕ ಯಾವುದನ್ನೂ ತೋರಕೂಡದು, ಆಗಬೇಕಾದುದನ್ನು ಶಸ್ತ್ರವೈದ್ಯನಂತೆ ನಿರ್ವಿಕಾರವಾಗಿ ಮಾಡಿಬಿಡಬೇಕು. ಇದು ಕಠಿಣವೆನಿಸಬಹುದು. ಆದರೆ ಬಳಿಯಲ್ಲಿರುವವರು ಅತ್ತರೆ, ರೋಗಿಯು ತನ್ನ ನೋವಿನೊಡನೆ ಅವರ ನೋವನ್ನೂ ಹೊರಬೇಕಾಗುತ್ತದೆ. ಆ ಹೊರೆಯನ್ನು ಆನ್ನಾ ತಂದೆಯ ಮೇಲೆ ಹಾಕಲಿಲ್ಲ. 30ಕ್ಕೂ ಮಿಕ್ಕ ಶಸ್ತ್ರಕ್ರಿಯೆಗಳ ನಡುವೆಯೂ ಆತನು ಬರೆದನು, ರೋಗಿಗಳನ್ನು ನೋಡಿದನು. ಆಕೆಯೂ ಮಕ್ಕಳ ಮನೋವಿಶ್ಲೇಷಣೆಯಲ್ಲಿ ಹೆಸರಾದಳು.

1938ರಲ್ಲಿ ನಾಜಿಗಳು ವಿಯೆನ್ನಾವನ್ನು ವಶಪಡಿಸಿಕೊಂಡು ಆನ್ನಾಳನ್ನು ವಿಚಾರಣೆಗೆ ಕರೆದೊಯ್ದರು. ಆಕೆ ಮರಳಿದ ಮೇಲೆ, ಜೂನ್ ತಿಂಗಳಲ್ಲಿ, ಕುಟುಂಬವು ಲಂಡನ್ನಿಗೆ ಹೊರಟಿತು. ಅಲ್ಲಿ ರೋಗವು ಕೆನ್ನೆಯನ್ನೇ ತೂತುಮಾಡಿತು. ದುರ್ಗಂಧಕ್ಕೆ ಮುದ್ದಿನ ನಾಯಿಯೂ ಹತ್ತಿರ ಸುಳಿಯದಾಯಿತು. ಮಗಳು ಮಾತ್ರ ರಾತ್ರಿಯಲ್ಲಿ ಹಲವು ಬಾರಿ ಎದ್ದು ಔಷಧ ಹಚ್ಚುತ್ತಿದ್ದಳು.

ಸಲ್ಲದ ಯಾತನೆಯನ್ನು ನೀಳಗೊಳಿಸುವುದಿಲ್ಲವೆಂದು ವೈದ್ಯ ಮ್ಯಾಕ್ಸ್ ಶೂರ್ ಹಿಂದೆ ಮಾತು ಕೊಟ್ಟಿದ್ದನು. 1939ರ ಸೆಪ್ಟೆಂಬರಿನಲ್ಲಿ ಫ್ರಾಯ್ಡನು ಅದನ್ನು ನೆನಪಿಸಿ, ಮಗಳಿಗೂ ತಿಳಿಸೆಂದನು. ಆನ್ನಾ ಮೊದಲು ಒಪ್ಪಲಿಲ್ಲ, ಕಡೆಗೆ ಮಣಿದಳು. ಮಾರ್ಫೀನಿನ ನಿದ್ದೆಯಲ್ಲಿ 23ರಂದು ಆತನು ಕಣ್ಮುಚ್ಚಿದನು. 16 ವರ್ಷ ಹಿಡಿದ ಕೈಯನ್ನು ಬಿಡಲು ಒಪ್ಪಿದ್ದೇ ಆಕೆಯ ಶುಶ್ರೂಷೆಯಲ್ಲಿ ಎಲ್ಲಕ್ಕಿಂತ ಕಠಿಣವಾದುದು.