ಒಂದೇ ಕಂಠ, ಎರಡು ದನಿ: ಯಂತ್ರ ಬರುವ ಮೊದಲೇ ಆ ಮಾಯೆ ಮಾಡಿದ್ದ ಪಂಚಮ್ ದಾ

ಠಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ನವಿ ಮುಂಬೈ ವಾಶಿಯ ವಿಷ್ಣುದಾಸ್ ಭಾವೆ ನಾಟ್ಯಗೃಹ. ಲೋಕಲ್ ರೈಲಿನ ಹಾದಿಗಳಲ್ಲಿ ನೆಲೆ ನಿಂತಿರುವ ಕನ್ನಡಿಗರಿಗೆ ಈ ಹೆಸರುಗಳು ಹೊಸದಲ್ಲ. ಮರಾಠಿ ನಾಟಕಗಳ ಜೊತೆಗೆ ಹಳೆಯ ಹಿಂದಿ ಹಾಡುಗಳ ಆರ್ಕೆಸ್ಟ್ರಾಗಳಿಗೂ ಇಂಥ ಸಭಾಂಗಣಗಳಲ್ಲಿ ಜನ ಸೇರುತ್ತಾರೆ. ಆರ್.ಡಿ. ಬರ್ಮನ್ ಹಾಡು ಬಂತೆಂದರೆ ಮಾತ್ರ ಗಾಯಕರಿಗಷ್ಟೇ ಅಲ್ಲ, ಹಿಂದೆ ಕುಳಿತ ಸೌಂಡ್ ಎಂಜಿನಿಯರ್‌ಗೂ ಪರೀಕ್ಷೆ. ಏಕೆಂದರೆ ಅವರ ಕೆಲವು ಹಾಡುಗಳಲ್ಲಿ ಒಬ್ಬರೇ ಗಾಯಕಿ ಒಂದೇ ಕಾಲಕ್ಕೆ ಎರಡು ಕಡೆಯಿಂದ ಹಾಡುತ್ತಾರೆ!

ಇಂದು ಈ ಕೆಲಸಕ್ಕೆ ಹಾರ್ಮನೈಸರ್ ಎಂಬ ಯಂತ್ರವಿದೆ, ಮೊಬೈಲ್ ಆ್ಯಪ್ ಕೂಡ ಇದೆ. ದನಿಯ ಶ್ರುತಿ ಏರಿಸುವುದು, ಇಳಿಸುವುದು, ಒಂದು ಕ್ಷಣ ತಡವಾಗಿ ಮತ್ತೆ ಕೇಳಿಸುವುದು ಎಲ್ಲವೂ ಬೆರಳ ತುದಿಯಲ್ಲಿದೆ. ಆದರೆ ಇಂಥ ಯಂತ್ರ ಮಾರುಕಟ್ಟೆಗೆ ಬರುವ ಎಷ್ಟೋ ವರ್ಷ ಮೊದಲೇ ಪಂಚಮ್ ದಾ ಎರಡು ದನಿಯ ಹಾಡು ಕಟ್ಟಿದ್ದರು. ಅದು ಹೇಗೆ?

ಹೆಸರಿನಲ್ಲೇ ಇತ್ತು ಸ್ವರ

ರಾಹುಲ್ ದೇವ್ ಬರ್ಮನ್ ಹುಟ್ಟಿದ್ದು 1939ರ ಜೂನ್ 27ರಂದು, ಕೋಲ್ಕತ್ತಾದಲ್ಲಿ. ತಂದೆ ಸಚಿನ್ ದೇವ್ ಬರ್ಮನ್ ತ್ರಿಪುರಾ ರಾಜಮನೆತನದವರು, ಹಿಂದಿ ಚಿತ್ರರಂಗದ ದೊಡ್ಡ ಸಂಗೀತ ನಿರ್ದೇಶಕ. ತಾಯಿ ಮೀರಾ ದೇವ್ ಬರ್ಮನ್ ಗೀತರಚನೆಕಾರ್ತಿ. ಮನೆಯಲ್ಲಿ ಮಗುವನ್ನು ಟುಬ್ಲು ಎಂದು ಕರೆಯುತ್ತಿದ್ದರು. ಪಂಚಮ್ ಎಂಬ ಹೆಸರು ಬಂದದ್ದಕ್ಕೆ ಎರಡು ಕಥೆಗಳಿವೆ. ಮಗು ಅತ್ತರೆ ಅದು ಐದನೇ ಸ್ವರವಾದ ‘ಪ’ದಲ್ಲಿ ಕೇಳುತ್ತಿತ್ತು ಎಂಬುದು ಒಂದು. ಪುಟ್ಟ ಹುಡುಗ ‘ಪ’ ‘ಪ’ ಎನ್ನುತ್ತಿದ್ದುದನ್ನು ಕೇಳಿ ನಟ ಅಶೋಕ್ ಕುಮಾರ್ ಆ ಹೆಸರಿಟ್ಟರು ಎಂಬುದು ಇನ್ನೊಂದು.

ಹುಡುಗನ ಸಂಗೀತದ ಪಾಠವೂ ಸಾಮಾನ್ಯದ್ದಲ್ಲ. ಅಲಿ ಅಕ್ಬರ್ ಖಾನ್ ಅವರಿಂದ ಸರೋದ್, ಸಾಮ್ತಾ ಪ್ರಸಾದ್ ಅವರಿಂದ ತಬಲಾ ಕಲಿತರು. ಸಲೀಲ್ ಚೌಧರಿ ಅವರನ್ನು ಗುರುವೆಂದೇ ಭಾವಿಸಿದ್ದರು. 1958ರ ‘ಸೋಲ್ವಾ ಸಾಲ್’ ಚಿತ್ರದಲ್ಲಿ ತಂದೆಯ ಹಾಡೊಂದಕ್ಕೆ ಮೌತ್ ಆರ್ಗನ್ ನುಡಿಸಿದವರೂ ಪಂಚಮ್ ಅವರೇ.

ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವರ ‘ಪ್ಯಾಸಾ’ (1957), ‘ಕಾಗಜ್ ಕೇ ಫೂಲ್’ (1959) ಚಿತ್ರಗಳಲ್ಲಿ ತಂದೆಗೆ ಸಹಾಯಕರಾಗಿ ದುಡಿದರು. ಸ್ವತಂತ್ರ ಸಂಗೀತ ನಿರ್ದೇಶಕರಾಗಿ ಒಪ್ಪಿಕೊಂಡ ಮೊದಲ ಚಿತ್ರ ‘ರಾಜ್’ ಕೂಡ ಗುರುದತ್ ಅವರದ್ದೇ. ಅದು ಅರ್ಧಕ್ಕೇ ನಿಂತುಹೋಯಿತು. ಮೆಹಮೂದ್ ಅವರ ‘ಛೋಟೇ ನವಾಬ್’ (1961) ಮೂಲಕ ಅವರ ಸಂಗೀತ ತೆರೆ ಕಂಡಿತು. 1966ರ ‘ತೀಸ್ರಿ ಮಂಜಿಲ್’ ಅವರನ್ನು ಮನೆಮಾತಾಗಿಸಿತು.

1967: ಲತಾ ಜೊತೆ ಲತಾ

ಮರುವರ್ಷ ಬಂದ ‘ಬಹಾರೋಂ ಕೆ ಸಪ್ನೆ’ ಚಿತ್ರದ ‘ಕ್ಯಾ ಜಾನೂ ಸಜನ್’ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಹಾಡುವುದು ಲತಾ ಮಂಗೇಶ್ಕರ್. ಅವರ ಜೊತೆಗೆ ದನಿಗೂಡಿಸುವವರೂ ಲತಾ ಮಂಗೇಶ್ಕರ್! ಒಂದು ದನಿ ಸಾಗುತ್ತಿರುವಾಗಲೇ ಅದೇ ಕಂಠದ ಇನ್ನೊಂದು ದನಿ ಬಂದು ಹೆಣೆದುಕೊಳ್ಳುತ್ತದೆ.

ಇದಕ್ಕೆ ಬಳಸಿದ್ದು ಗಾಯಕಿಯ ಶ್ರಮವನ್ನೇ. ಒಮ್ಮೆ ಹಾಡಿಸಿ ಧ್ವನಿಮುದ್ರಣ ಮಾಡುವುದು, ಅದರ ಜೊತೆಗೆ ಎರಡನೇ ದನಿಯನ್ನು ಮತ್ತೊಮ್ಮೆ ಹಾಡಿಸಿ ಸೇರಿಸುವುದು. ಈಗ ಕಂಪ್ಯೂಟರ್‌ನಲ್ಲಿ ನೂರಾರು ಟ್ರ್ಯಾಕ್ ಇಟ್ಟುಕೊಳ್ಳಬಹುದು. ಆಗ ಗಾಯಕರು, ವಾದ್ಯಗಾರರು ಎಲ್ಲರೂ ಸೇರಿ ಒಂದೇ ಬಾರಿಗೆ ಹಾಡನ್ನು ಮುಗಿಸುವ ಪದ್ಧತಿ. ಒಬ್ಬರು ತಪ್ಪಿದರೆ ಮತ್ತೆ ಮೊದಲಿನಿಂದ. ಅಂಥ ಕಾಲದಲ್ಲಿ ಒಂದೇ ದನಿಯನ್ನು ಎರಡು ಸಲ ಹಿಡಿದು ಒಂದರ ಮೇಲೊಂದು ಕೂರಿಸುವುದು ಸಣ್ಣ ಸಾಹಸವಲ್ಲ.

ಎಕೋ ಯಂತ್ರ ಕೆಲಸ ಮಾಡುವುದು ಹೇಗೆ?

ಆ ದಿನಗಳಲ್ಲಿ ಸ್ಟುಡಿಯೋಗಳಿಗೆ ಗೊತ್ತಿದ್ದ ಉಪಾಯ ಟೇಪ್ ಎಕೋ. ಟೇಪ್ ಯಂತ್ರದಲ್ಲಿ ದನಿಯನ್ನು ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಇವೆರಡರ ನಡುವೆ 2 ಇಂಚು ಅಂತರವಿದ್ದು, ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತಿದ್ದರೆ ದನಿ ಸುಮಾರು 0.13 ಸೆಕೆಂಡ್ ತಡವಾಗಿ ಮರಳುತ್ತದೆ. ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಪ್ರತಿಧ್ವನಿ ಎರಡರಷ್ಟು ತಡ. ಶ್ರುತಿ ಬದಲಿಸಬೇಕಿದ್ದರೂ ಟೇಪಿನ ವೇಗವನ್ನೇ ಬದಲಿಸಬೇಕಿತ್ತು. ಆದರೆ ಆಗ ಹಾಡಿನ ಓಟವೂ ಬದಲಾಗುತ್ತಿತ್ತು.

ಈ ಕಟ್ಟು ಬಿಚ್ಚಿದ್ದು 1975ರಲ್ಲಿ ಅಮೆರಿಕದ ಈವೆಂಟೈಡ್ ಕಂಪನಿ ತಂದ ಎಚ್910 ಹಾರ್ಮನೈಸರ್. ಟೋನಿ ಅಗ್ನೆಲ್ಲೊ ರೂಪಿಸಿದ ಈ ಯಂತ್ರ ದನಿಯನ್ನು ಅಂಕಿಗಳಾಗಿಸಿ ಮೆಮೊರಿಯಲ್ಲಿ ಬರೆದುಕೊಳ್ಳುತ್ತಿತ್ತು. ಸ್ವಲ್ಪ ತಡೆದು ಓದಿದರೆ ಅದು ಡಿಲೇ. ಬರೆದ ವೇಗಕ್ಕಿಂತ ಬೇಗ ಓದಿದರೆ ಶ್ರುತಿ ಏರುತ್ತದೆ, ನಿಧಾನವಾಗಿ ಓದಿದರೆ ಇಳಿಯುತ್ತದೆ. ಹಾಡಿನ ಓಟ ಮಾತ್ರ ಬದಲಾಗುವುದಿಲ್ಲ. ಬೇಗ ಓದುತ್ತಾ ಹೋದರೆ ಬರೆದದ್ದು ಮುಗಿದುಬಿಡುತ್ತದಲ್ಲ? ಆಗ ಯಂತ್ರ ಹಿಂದಕ್ಕೆ ಜಿಗಿದು ಮತ್ತೆ ಓದುತ್ತಿತ್ತು. ಆ ಜಿಗಿತದ ಸಣ್ಣ ‘ಟಿಕ್’ ಸದ್ದೇ ಇಂದು ಈ ಹಳೆಯ ಯಂತ್ರದ ಗುರುತು.

ಬಳಸುವುದು ಸರಳ. ಅನುಪಾತ 1.00 ಇದ್ದರೆ ಹಾಡಿದ್ದು ಹಾಡಿದಂತೆಯೇ. 2.00 ಇಟ್ಟರೆ ಒಂದು ಸ್ಥಾಯಿ ಮೇಲೆ, 0.50 ಇಟ್ಟರೆ ಒಂದು ಸ್ಥಾಯಿ ಕೆಳಗೆ. ಒಂದಕ್ಕಿಂತ ಕೂದಲೆಳೆಯಷ್ಟು ಮಾತ್ರ ಸರಿಸಿ, ಚೂರು ತಡ ಮಾಡಿ ಮೂಲ ದನಿಗೆ ಬೆರೆಸಿದರೆ ತೆಳು ಕಂಠವೂ ತುಂಬಿಕೊಂಡಂತೆ ಕೇಳುತ್ತದೆ. ಡೇವಿಡ್ ಬೋವಿಯ ‘ಲೋ’ (1977) ಆಲ್ಬಮ್‌ನಲ್ಲಿ ನಿರ್ಮಾಪಕ ಟೋನಿ ವಿಸ್ಕೊಂಟಿ ಡ್ರಮ್ ಸದ್ದನ್ನು ಕೆಳಕ್ಕೆ ಜಾರಿಸಿದ್ದು ಇದೇ ಯಂತ್ರದಿಂದ. ಜಾಹೀರಾತಿಗೆ ಜಾಗ ಮಾಡಲು ವೇಗ ಹೆಚ್ಚಿಸಿದ ‘ಐ ಲವ್ ಲೂಸಿ’ ಧಾರಾವಾಹಿಯ ಕೀಚಲು ದನಿಯನ್ನು ಸರಿಪಡಿಸಲೂ ಇದನ್ನು ಬಳಸಿದರು.

ಅನುಪಾತವನ್ನು 1.50ಕ್ಕೆ ಇಟ್ಟರೆ? ‘ಸ’ ಹಾಡಿದರೆ ‘ಪ’ ಕೇಳುತ್ತದೆ. ಪಂಚಮ ತಾನಾಗಿಯೇ ಹುಟ್ಟುತ್ತದೆ!

ಯಂತ್ರಕ್ಕೆ ರಾಗ ಗೊತ್ತಿಲ್ಲ

ತೊಡಕೂ ಇಲ್ಲೇ ಇದೆ. ‘ಸ’ವನ್ನು ‘ಪ’ ಮಾಡುವ ಯಂತ್ರ ಉಳಿದ ಸ್ವರಗಳನ್ನೂ ಅಷ್ಟೇ ದೂರ ತಳ್ಳುತ್ತದೆ. ಶಂಕರಾಭರಣದ ನಿಷಾದ ಹಾಡಿದರೆ ಅತ್ತ ಪ್ರತಿ ಮಧ್ಯಮ ಕೇಳುತ್ತದೆ. ಆ ರಾಗದಲ್ಲಿ ಆ ಸ್ವರವೇ ಇಲ್ಲ. ಇನ್ನು ಡಿಲೇ ಮರಳಿಸುವುದು ಹಾಡಿದ್ದನ್ನೇ, ಬೇರೇನನ್ನೂ ಅಲ್ಲ.

ಪಂಚಮ್ ಕಟ್ಟಿದ ಎರಡನೇ ದನಿ ಬೇರೆಯೇ. ಅದು ಮೊದಲ ದನಿಯ ಪ್ರತಿಧ್ವನಿಯಲ್ಲ, ಅದಕ್ಕೆ ಉತ್ತರ. ‘ಕ್ಯಾ ಜಾನೂ ಸಜನ್’ ಬಂದು ಇಪ್ಪತ್ತು ವರ್ಷಗಳ ನಂತರ ಗುಲ್ಜಾರ್ ನಿರ್ದೇಶನದ ‘ಇಜಾಜತ್’ (1987) ಚಿತ್ರದ ‘ಕತ್ರಾ ಕತ್ರಾ’ ಹಾಡಿನಲ್ಲೂ ಅವರು ಆಶಾ ಭೋಸ್ಲೆ ಅವರನ್ನು ಎರಡು ಬಾರಿ ಹಾಡಿಸಿದರು. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಬಂದು ಸೇರುತ್ತದೆ. ಮನಸ್ಸಿನೊಳಗಿನ ಮಾತು ತುಟಿಯ ಮಾತನ್ನು ಕಾಯದೆ ಹೊರಬಂದಂತೆ. ಎರಡನೇ ಸಲ ಏನು ಹಾಡಬೇಕು ಎಂದು ಯೋಚಿಸುವ ಕೆಲಸವನ್ನು ಯಂತ್ರ ಮಾಡುವುದಿಲ್ಲ.

ಬಾಚಣಿಗೆ, ಬಾಟಲಿ ಮತ್ತು ರಾಮನಗರ

ಹಾಗೆಂದು ಅವರು ಯಂತ್ರದ ವಿರೋಧಿಯಲ್ಲ. ಸದ್ದು ಎಲ್ಲಿ ಸಿಕ್ಕರೂ ಹಾಡಿಗೆ ತಂದವರು. ‘ಪಡೋಸನ್’ (1968) ಚಿತ್ರದ ಹಾಡಿಗೆ ಬಾಚಣಿಗೆ ಉಜ್ಜಿದ ಸದ್ದು, ‘ಯಾದೋಂ ಕಿ ಬಾರಾತ್’ (1973) ಚಿತ್ರದ ಹಾಡಿನ ಆರಂಭಕ್ಕೆ ಗಾಜಿನ ಲೋಟದ ಸದ್ದು. ‘ಸತ್ತೆ ಪೆ ಸತ್ತಾ’ (1982) ಚಿತ್ರದಲ್ಲಿ ಖಳ ಅಮಿತಾಭ್ ಪ್ರವೇಶಿಸುವಾಗ ಕೇಳುವುದು ಗಾಯಕಿ ಆನೆಟ್ ಪಿಂಟೊ ಬಾಯಿ ಮುಕ್ಕಳಿಸಿದ ಸದ್ದು!

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ (1975) ಅವರದ್ದೇ ಸಂಗೀತದ ಚಿತ್ರ. 70 ಎಂ.ಎಂ. ತೆರೆ, ಸ್ಟೀರಿಯೊ ಧ್ವನಿ. ‘ಮೆಹಬೂಬಾ’ ಹಾಡಿದವರು ಸ್ವತಃ ಪಂಚಮ್. ಅದರ ಜೊತೆಗೆ ಬರುವ ‘ಭೂಂ’ ಸದ್ದು ಬಾಟಲಿಯ ಬಾಯಿಗೆ ಊದಿದ್ದು. ಆ ವರ್ಷ ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ಮಾತ್ರ ಅವರಿಗೆ ಸಿಗಲಿಲ್ಲ. ‘ತೀಸ್ರಿ ಮಂಜಿಲ್’ನಿಂದ ‘ಶೋಲೆ’ವರೆಗಿನ ಯಾವ ಚಿತ್ರಕ್ಕೂ ಸಿಕ್ಕಿರಲಿಲ್ಲ.

ಗುಲ್ಜಾರ್ ಅವರ ‘ಕಿತಾಬ್’ (1977) ಚಿತ್ರದ ರೈಲಿನ ಹಾಡು ‘ಧನ್ನೋ ಕಿ ಆಂಖೋಂ ಮೇಂ’ ಕೂಡ ಪಂಚಮ್ ಅವರದ್ದೇ ದನಿ. ಇಲ್ಲಿ ಫ್ಲ್ಯಾಂಜರ್ ಬಗೆಯ ಎಲೆಕ್ಟ್ರಾನಿಕ್ ಪರಿಣಾಮ ಬಳಸಿದರು. ಅದು ಡಿಲೇಯ ತಮ್ಮನೇ. ದನಿಯನ್ನು ಸೆಕೆಂಡಿನ ಸಾವಿರದ ಕೆಲವೇ ಪಾಲು ತಡ ಮಾಡಿ, ಆ ತಡವನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಮೂಲಕ್ಕೆ ಬೆರೆಸಿದರೆ ಸುಂಯ್ ಎಂದು ಸುತ್ತಿ ಬರುವ ಸದ್ದು ಹುಟ್ಟುತ್ತದೆ. ಓಡುವ ರೈಲಿಗೆ ಅದು ಚೆನ್ನಾಗಿ ಒಪ್ಪಿತು.

ಈ ಎಲ್ಲದರ ಹಿಂದೆ ಒಂದು ತಂಡವಿತ್ತು. ಸ್ಯಾಕ್ಸೊಫೋನ್‌ನ ಮನೋಹರಿ ಸಿಂಗ್, ಬಾಸು ಚಕ್ರವರ್ತಿ, ತಾಳವಾದ್ಯಕ್ಕೆ ಮಾರುತಿ ರಾವ್ ಕೀರ್ ಮತ್ತು ಹೋಮಿ ಮುಲ್ಲನ್, ಗಿಟಾರ್‌ಗೆ ಭಾನು ಗುಪ್ತಾ, ಭೂಪಿಂದರ್ ಸಿಂಗ್. ಮುಂಬೈ ತಾಡದೇವದ ಫಿಲ್ಮ್ ಸೆಂಟರ್ ಸ್ಟುಡಿಯೋದಲ್ಲಿ ಇಂಥ ಹತ್ತಾರು ಮಂದಿ ಒಟ್ಟಿಗೆ ಕುಳಿತು ನುಡಿಸುತ್ತಿದ್ದರು.

ಫೋನ್ ಸದ್ದು ನಿಂತ ದಿನಗಳು

80ರ ದಶಕ ಬಂದಂತೆ ಗಾಳಿ ತಿರುಗಿತು. ಡಿಸ್ಕೊ ಅಲೆ ಬಂತು. ಸಿಂಥಸೈಸರ್‌ಗಳು ಅಗ್ಗವಾದವು. ಹತ್ತು ಪಿಟೀಲಿನ ಕೆಲಸವನ್ನು ಒಂದು ಕೀಬೋರ್ಡ್ ಮಾಡತೊಡಗಿದಾಗ ಸ್ಟುಡಿಯೋ ವಾದ್ಯಗಾರರ ಅನ್ನಕ್ಕೇ ಕುತ್ತು ಬಂತು. ಹೊಸ ಸದ್ದುಗಳನ್ನು ಸದಾ ಅಪ್ಪಿಕೊಂಡಿದ್ದ ಪಂಚಮ್ ಅವರೇ ಹಳಬರೆನಿಸಿಕೊಂಡರು.

‘ಸನಮ್ ತೇರಿ ಕಸಮ್’ (1982), ‘ಮಾಸೂಮ್’ (1983) ಚಿತ್ರಗಳಿಗೆ ಫಿಲ್ಮ್‌ಫೇರ್ ಬಂದ ಬೆನ್ನಲ್ಲೇ ಸಾಲು ಸಾಲು ಚಿತ್ರಗಳು ಸೋತವು. ‘ತೀಸ್ರಿ ಮಂಜಿಲ್’ ಕಾಲದಿಂದ ಜೊತೆಗಿದ್ದ ನಾಸಿರ್ ಹುಸೇನ್ ಅವರ ಸಂಸ್ಥೆ 1988ರ ‘ಕಯಾಮತ್ ಸೆ ಕಯಾಮತ್ ತಕ್’ ಚಿತ್ರಕ್ಕೆ ಆನಂದ್-ಮಿಲಿಂದ್ ಅವರನ್ನು ಕರೆಯಿತು. ಅದೇ ವರ್ಷ ಪಂಚಮ್ ಅವರಿಗೆ ಹೃದಯಾಘಾತವಾಯಿತು. ನಂತರ ಲಂಡನ್‌ನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಯಿತು.

‘ಇಜಾಜತ್’ ಬಂದದ್ದು ಇದೇ ಕುಸಿತದ ದಿನಗಳಲ್ಲಿ ಎಂಬುದನ್ನು ಮರೆಯಬಾರದು. ಕೈಯಲ್ಲಿ ಚಿತ್ರಗಳು ಕಡಿಮೆಯಾಗಿದ್ದಾಗಲೂ ಅವರು ಒಂದು ಕಂಠದೊಳಗೆ ಇನ್ನೊಂದು ದನಿಯನ್ನು ಹುಡುಕುತ್ತಲೇ ಇದ್ದರು.

ಕೊನೆಯ ಗೆಲುವು ನೋಡಲಿಲ್ಲ

ವಿಧು ವಿನೋದ್ ಚೋಪ್ರಾ ಅವರ ‘ಪರಿಂದಾ’ (1989) ನಂತರ ಅದೇ ನಿರ್ದೇಶಕರ ‘1942: ಎ ಲವ್ ಸ್ಟೋರಿ’ ಚಿತ್ರಕ್ಕೆ ಪಂಚಮ್ ಸಂಗೀತ ನೀಡಿದರು. ಚಿತ್ರ ತೆರೆ ಕಾಣುವ ಮೊದಲೇ, 1994ರ ಜನವರಿ 4ರಂದು ಮುಂಬೈನಲ್ಲಿ ಅವರು ತೀರಿಕೊಂಡರು. ಆಗಿನ್ನೂ 54 ವರ್ಷ. ಚಿತ್ರ ಬಂದ ಮೇಲೆ ಅದರ ಹಾಡುಗಳು ದೇಶದ ಮೂಲೆಮೂಲೆಯಲ್ಲಿ ಮೊಳಗಿದವು. ಮೂರನೇ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಪಡೆಯಲು ಅವರಿರಲಿಲ್ಲ. ಹೊಸ ಸಂಗೀತ ಪ್ರತಿಭೆಗಳಿಗಾಗಿ ಫಿಲ್ಮ್‌ಫೇರ್ ಅವರ ಹೆಸರಲ್ಲೇ ಪ್ರಶಸ್ತಿ ಆರಂಭಿಸಿತು. ಮೊದಲು ಪಡೆದವರು ಎ.ಆರ್. ರೆಹಮಾನ್.

ಹಾಗಾದರೆ ವೇದಿಕೆಯಲ್ಲಿ ‘ಕತ್ರಾ ಕತ್ರಾ’ ಹಾಡುವುದು ಹೇಗೆ? ಮುದ್ರಿಸಿಟ್ಟ ಟ್ರ್ಯಾಕ್ ಹಾಕಬಹುದು. ಡಿಲೇ ಹಚ್ಚಿದರೆ ಮೊದಲ ಸಾಲೇ ಮರಳಿ ಬರುತ್ತದೆ, ಹಾಡು ಕಲಸಿಹೋಗುತ್ತದೆ. ಒಪ್ಪುವ ದಾರಿ ಹಳೆಯದೇ: ಇಬ್ಬರು ಗಾಯಕಿಯರನ್ನು ನಿಲ್ಲಿಸುವುದು. ಒಬ್ಬರು ಹಾಡುತ್ತಿರುವಾಗ ಇನ್ನೊಬ್ಬರು ಕಿವಿಗೊಟ್ಟು ಕೇಳಿ, ಸರಿಯಾದ ಜಾಗದಲ್ಲಿ ಎತ್ತಿಕೊಳ್ಳಬೇಕು. ಮುಂದಿನ ಸಲ ನಿಮ್ಮೂರಿನ ಸಭಾಂಗಣದಲ್ಲಿ ಪಂಚಮ್ ಹಾಡು ಕೇಳಿದರೆ, ಆ ಎರಡನೇ ದನಿ ಎಲ್ಲಿಂದ ಬಂತು ಎಂದು ಗಮನಿಸಿ ನೋಡಿ.